ಖಾಲಿ ಪೋರ್ಟಿಗೆ ಸಿಕ್ಕಿಸಿದ ಕೇಬಲ್

ಕಚೇರಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನ ದೀಪಗಳೆಲ್ಲ ಒಮ್ಮೆಲೇ ಎಡೆಬಿಡದೆ ಮಿನುಗತೊಡಗಿದವು. ಮೆಣಸಗಿಯಲ್ಲಿ ಹೊಳೆ ಮನೆಗಳೊಳಗೆ ನುಗ್ಗಿತ್ತು. ಫೋನ್ ಹತ್ತುತ್ತಿರಲಿಲ್ಲ. ಮಾಳಿಗೆ ಏರಿ ಕುಳಿತವರ ಪಟ್ಟಿ ರೋಣದ ನಮ್ಮ ತಾಲೂಕು ಕಚೇರಿಯಿಂದ ದೋಣಿ ತಂಡಕ್ಕೆ ಹೋಗದೆ ನಿಂತಿತ್ತು.

ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವವನು ನಾನು; ಕಾರಣ ಹುಡುಕಿದೆ. ಒಂದೇ ಕೇಬಲ್ಲಿನ ಎರಡೂ ತುದಿಗಳು ಅದೇ ಸ್ವಿಚ್ಚಿನಲ್ಲಿದ್ದವು. ಸಂದೇಶಗಳು ಅಲ್ಲೇ ಸುತ್ತುತ್ತ ದಾರಿ ಕಟ್ಟಿದ್ದವು.

“ತುದಿ ಕೆಳಗ ಬಿದ್ದಿತ್ರಿ ಸರ. ಕಾಲಿಗೆ ತೊಡರತೈತಂತ ಖಾಲಿ ಇದ್ದ ತೂತಿಗೆ ನಾನ ಸಿಗಿಸಿದೆ. ತಪ್ಪು ನಂದ್ರಿ,” ಎಂದರು ಜವಾನ ಮೌಲಾಸಾಬರು. ಪಟ್ಟಿಯಲ್ಲಿ ಅವರ ಅಕ್ಕನ ಹೆಸರೂ ಇತ್ತು.

ಕೇಬಲ್ ಕಿತ್ತೆ. ಪಟ್ಟಿ ಹೋಯಿತು. ಸಂಜೆ ದೋಣಿಯವರು ಅವರ ಅಕ್ಕನನ್ನು ಜೀವಂತವಾಗಿ ಕರೆತಂದರು.

ಇಂಥ ಸುತ್ತನ್ನು ತಾನಾಗಿ ತಡೆಯುವ ‘ಸ್ಪ್ಯಾನಿಂಗ್ ಟ್ರೀ’ ವ್ಯವಸ್ಥೆ ಆ ಸ್ವಿಚ್ಚಿನಲ್ಲೇ ಇತ್ತು. ದಿನಾ ಬೆಳಿಗ್ಗೆ ಕಂಪ್ಯೂಟರುಗಳಿಗೆ ಸಂಪರ್ಕ ಸಿಗುವುದು ಅರ್ಧ ನಿಮಿಷ ತಡವಾಗುತ್ತದೆಂದು ಅದನ್ನು ಬಂದ್ ಮಾಡಿದ್ದವನು ನಾನು. ಆ ದಿನ ಅವರಿಗೆ ಅದನ್ನು ಹೇಳಲಿಲ್ಲ. ಮೌಲಾಸಾಬರು ಈಗಲೂ ಕಸ ಗುಡಿಸುವಾಗ ಕೇಬಲ್ಲುಗಳಿಂದ ದೂರ ಸರಿದು ನಡೆಯುತ್ತಾರೆ.