ಪ್ರಿಯ ಪಾಲಕರಾದ ಶಮೀಮ್ ಅಕ್ಕೋರು

ಬೆಳಿಗ್ಗೆ ಹಾಜರಿ ಮುಗಿಸಿ ಆ್ಯಪಿನ ಕೊನೆಯ ಗುಂಡಿ ಒತ್ತಿದ ಸ್ವಲ್ಪ ಹೊತ್ತಿಗೆ ಶಮೀಮ್ ಅಕ್ಕೋರ ಚೀಲದೊಳಗೆ ಫೋನು ಒದರತೊಡಗುತ್ತಿತ್ತು. ಒಂದು ಸಲ, ಇನ್ನೊಂದು ಸಲ, ಆಮೇಲೆ ಬಿಡುವಿಲ್ಲದೆ. ‘ಪ್ರಿಯ ಪಾಲಕರೇ, ನಿಮ್ಮ ಮಗು’, ಆಮೇಲೆ ಒಂದು ಹೆಸರು, ‘ಇಂದು ಶಾಲೆಗೆ ಹಾಜರಾಗಿಲ್ಲ.’ ಗೈರು ಹಾಕಿದವರೂ ಅವರೇ, ಗೈರಿನ ಸುದ್ದಿ ಬಂದು ಮುಟ್ಟುತ್ತಿದ್ದುದೂ ಅವರಿಗೇ.

“ನೋಡ್ರಿ ಸರ, ನನಗ ನಾನ ಚಾಡಿ ಹೇಳ್ಕೊಂಡೆ,” ಎಂದು ಕನ್ನಡಕ ಏರಿಸಿ ಒಂದೊಂದೇ ಮೆಸೇಜನ್ನು ಪೂರ್ತಿ ಓದುತ್ತಿದ್ದರು. ಆಗಷ್ಟೇ ತಾವೇ ಗುರುತು ಹಾಕಿದ ಹೆಸರನ್ನು ಮೊದಲ ಸಲ ಕೇಳಿದವರ ಹಾಗೆ.

ತಿಕೋಟಾ ಕಡೆಯ ಒಂದು ಸರ್ಕಾರಿ ಹೈಸ್ಕೂಲು ಅದು. ಅಕ್ಕೋರು ಅಲ್ಲಿ ವಿಜ್ಞಾನ ಕಲಿಸುತ್ತಿದ್ದರು, ವಿಜಯಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ನಾನು ಅತಿಥಿ ಶಿಕ್ಷಕ. ವಯಸ್ಸು ಕಡಿಮೆ ಎಂಬ ಒಂದೇ ಅರ್ಹತೆಯ ಮೇಲೆ ಆ್ಯಪುಗಳ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಮಕ್ಕಳ ಹೆಸರು ಹಚ್ಚುವಾಗ ಪಾಲಕರ ಮೊಬೈಲ್ ನಂಬರ್ ಇಲ್ಲದೆ ಆ್ಯಪು ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ದ್ರಾಕ್ಷಿ ಕಟಾವಿನ ಹಿಂದೆ ತೋಟದಿಂದ ತೋಟಕ್ಕೆ ತಿರುಗುವವರ, ಆಫರ್ ಮುಗಿದ ಕೂಡಲೇ ಸಿಮ್ ಬದಲಿಸುವವರ ನಂಬರುಗಳು ನಿಲ್ಲುತ್ತಿರಲಿಲ್ಲ. ಓಟಿಪಿ ಯಾರದೋ ಫೋನಿಗೆ ಹೋಗುತ್ತಿತ್ತು. ಯಾರೋ ನಮ್ಮನ್ನು ಬೈದು ಫೋನು ಇಡುತ್ತಿದ್ದರು. ಕೊನೆಗೊಂದು ದಿನ ಅಕ್ಕೋರೇ, “ನನ್ನ ನಂಬರ್ ಹಾಕ್ರಿ, ನಾ ಎಲ್ಲಿ ಓಡಿ ಹೋಗ್ತೀನಿ?” ಎಂದರು. ಹೀಗೆ ಅರ್ಧ ಶಾಲೆಗೆ ಅವರೇ ಪಾಲಕರಾದರು.

ಅವರು ಕಣ್ಣ ಮುಂದೆ ಬಂದಾಗಲೆಲ್ಲ ನನಗೆ ಒಂದು ನೀಲಿ ಛತ್ರಿಯೂ ಕಾಣುತ್ತದೆ. ಶಾಲೆಯಲ್ಲಿ ಕೇಳಿದರೆ ಅವರ ಹತ್ತಿರ ಛತ್ರಿಯೇ ಇರಲಿಲ್ಲ ಎನ್ನುತ್ತಾರೆ. ಹಾಗಾಗಿ ಛತ್ರಿಯನ್ನು ಬಿಡುತ್ತೇನೆ. ಚೀಲ ಇತ್ತು, ಆ ಬಗ್ಗೆ ಯಾರದೂ ತಕರಾರಿಲ್ಲ.

ಫೋನಿನ ವಿಷಯದಲ್ಲಿ ಅವರಿಗೆ ಇದ್ದದ್ದು ಸಿಟ್ಟಲ್ಲ, ಕುತೂಹಲ. ಹೆಡ್ ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಮೊಬೈಲು ವಿಷ ಎಂದು ಭಾಷಣ ಮಾಡಿ, ಒಳಗೆ ಹೋಗಿ, ಅದೇ ಭಾಷಣದ ಫೋಟೋವನ್ನು ಮೊಬೈಲಿನಿಂದ ಮೇಲಿನವರಿಗೆ ಕಳಿಸುತ್ತಿದ್ದರು. ಅಕ್ಕೋರು ಮಾತ್ರ ಬಸ್ಸಿನಲ್ಲಿ ಪಕ್ಕದ ಸೀಟಿನ ಕಾಲೇಜು ಹುಡುಗರ ಬೆರಳನ್ನೇ ನೋಡುತ್ತ ಬರುತ್ತಿದ್ದರು. “ಬಟ್ಟ ಸರಸೂದು ನೋಡೀರೇನ್ರಿ? ನಾವು ಜ್ವಾಳದಾಗ ಹರಳ ಆರಿಸಿದಂಗ ಸರಸ್ತಾವ. ಅವಕ್ಕ ಏನೋ ಸಿಗಬೇಕಾಗೈತಿ. ಏನದು?” ನನಗೆ ಗೊತ್ತಿಲ್ಲ ಎಂದರೆ, “ನೀವೂ ಹಂಗ ಸರಸ್ತೀರಲ್ಲ, ನಿಮಗ ಏನ ಸಿಕ್ಕೈತಿ ಹೇಳ್ರಿ,” ಎನ್ನುತ್ತಿದ್ದರು. ಅದು ಚುಚ್ಚು ಮಾತಲ್ಲ. ಉತ್ತರಕ್ಕೆ ನಿಜವಾಗಿ ಕಾಯುತ್ತಿದ್ದರು. ನಾನು ಬಿಸಿಲು ಜಾಸ್ತಿ ಎಂದೋ ಏನೋ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಒಂಬತ್ತನೆಯ ತರಗತಿಯ ಮಹಾದೇವಿ ಬರುವುದನ್ನು ನಿಲ್ಲಿಸಿದಾಗ ಅವಳ ಹೆಸರಿನ ಮೆಸೇಜು ದಿನವೂ ಬರತೊಡಗಿತು. ಹೊನವಾಡದಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿ, ಜೋರು ದನಿ, ಒಳ್ಳೆಯ ಹಸಿವು. ಜ್ವರ ಇರಬೇಕು ಎಂದರು ಹೆಡ್ ಮಾಸ್ತರರು.

“ಪಾಲಕರಿಗೆ ಮೆಸೇಜ್ ಬಂದೈತ್ರಿ ಸರ. ಪಾಲಕರು ಸುಮ್ಮ ಕುಂದ್ರಾಕ ಬರತೈತೇನು?” ಎಂದರು ಅಕ್ಕೋರು. ಶಾಲೆ ಬಿಟ್ಟ ಮೇಲೆ ಹೊನವಾಡದ ಬಸ್ಸು ಹತ್ತಿದರು. ಜೊತೆಗೆ ನನ್ನನ್ನೂ ಕರೆದುಕೊಂಡರು.

ಮಹಾದೇವಿಯ ತಾಯಿ ಆಗಷ್ಟೇ ಮಣೂಕದ ಶೆಡ್ಡಿನಿಂದ ಬಂದಿದ್ದರು. ಅಲ್ಲಿ ಒಣದ್ರಾಕ್ಷಿಯನ್ನು ದಪ್ಪ, ಸಣ್ಣ, ಕರಿ ಎಂದು ಆರಿಸುವ ಕೆಲಸ. ತೊಳೆದರೂ ಬಿಡದ ಅಂಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವರು ಹೇಳಿದರು: “ಸಾಲಿ ಒಲ್ಲೆ ಅಂತಾಳ್ರಿ ಅಕ್ಕೋರ. ಬೈದೆ, ಹೊಡದೆ, ಬಾಯಿನ ಬಿಡವಲ್ಲಳು. ಹೋಗದಿದ್ರ ಬಿಡ್ಲಿ. ಸೋಮವಾರದಿಂದ ನನ್ನ ಕೂಡ ಶೆಡ್ಡಿಗೆ ಬರ್ತಾಳ. ಮಾಲಕರಿಗೆ ಹೇಳೀನಿ.”

ಹುಡುಗಿ ಒಳಬಾಗಿಲಿಗೆ ಆತು ನಿಂತಿದ್ದಳು. ಅಕ್ಕೋರು ಬುದ್ಧಿ ಹೇಳಲಿಲ್ಲ. ಯಾಕೆ ಬರುತ್ತಿಲ್ಲ ಎಂದೂ ಕೇಳಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ತಮ್ಮ ಫೋನನ್ನು ಅವಳ ಕೈಗೆ ಕೊಟ್ಟರು.

“ಬಾ ಬೇ ಇಲ್ಲಿ. ಧೂಳಿಗೆ ನನ್ನ ಚಾಳೀಸಿನಾಗ ಕಾಣವಲ್ದು. ಏನ ಬಂದೈತಿ ಓದು.”

ಅವಳು ಓದಿದಳು. ಪ್ರಿಯ ಪಾಲಕರೇ, ನಿಮ್ಮ ಮಗು ಮಹಾದೇವಿ. ಮುಂದಿನದು. ಪ್ರಿಯ ಪಾಲಕರೇ, ನಿಮ್ಮ ಮಗು ಮಹಾದೇವಿ. ಮೂರನೆಯದಕ್ಕೆ ನಿಂತಳು.

“ಎಲ್ಲಾ ನಂದ ಐತ್ರಿ.”

“ಹೂಂ. ಇಕಿ ಅವ್ವ ಕಾಳಜಿನ ಮಾಡಂಗಿಲ್ಲ ಅಂತ ಆ ಮೆಸೇಜಿನವರು ನನ್ನ ಬೈಕೋತಿರಬೇಕು.”

ಹುಡುಗಿಗೆ ನಗು ಬಂತು, ತಡೆದುಕೊಂಡಳು. ಆಮೇಲೆ ಗೂಡಿನಲ್ಲಿದ್ದ ತಾಯಿಯ ಫೋನು ತಂದು, ಏನೋ ತೆಗೆದು, ನಮ್ಮ ಮುಂದೆ ಇಟ್ಟು ಹಿಂದೆ ಸರಿದು ನಿಂತಳು.

ಅದು ವಾಟ್ಸಾಪಿನ ಸ್ಟಿಕರು. ಮಹಾದೇವಿಯ ಮುಖವನ್ನು ಸುತ್ತಲೂ ಕತ್ತರಿಸಿ ತೆಗೆದದ್ದು. ಕಣ್ಣು ಮುಚ್ಚಿ, ಬಾಯಿ ತುಂಬ ಅನ್ನ ತುಂಬಿಕೊಂಡು, ತುಟಿಯ ಮೇಲೆ ಒಂದು ಅಗುಳು. ಕೆಳಗೆ ಕೆಂಪು ಅಕ್ಷರದಲ್ಲಿ ‘ಇನ್ನ ಸ್ವಲ್ಪ ಹಾಕ್ರಿ’. ಶಾಲೆಯ ಹುಡುಗರಿಂದ ಹೊರಟು ತಿಕೋಟಾ ಸುತ್ತಿ ಜೈನಾಪುರದ ಚಿಕ್ಕಮ್ಮನ ಮನೆಗೂ ಮುಟ್ಟಿತ್ತು. ಚಿಕ್ಕಮ್ಮನ ಮಗ ಇದು ತನ್ನ ಅಕ್ಕ ಎಂದು ಗುರುತು ಹಿಡಿಯದೆ ಇವರಿಗೇ ಕಳಿಸಿದ್ದ. ತಾಯಿಗೆ ಓದಲು ಬರದು. ಚಿತ್ರವನ್ನು ನೋಡಿದ್ದರು, ಚಂದ ಬಂದಿದೆ ಎಂದುಕೊಂಡಿದ್ದರು.

ಅಕ್ಕೋರು ಬಹಳ ಹೊತ್ತು ನೋಡಿದರು. “ಇದು ನಾ ತಗದ ಫೋಟೋ,” ಎಂದರು.

ಬಿಸಿಯೂಟದ ಫೋಟೋವನ್ನು ದಿನವೂ ಪಾಲಕರೂ ಮೇಲಿನವರೂ ಇದ್ದ ಗ್ರೂಪಿಗೆ ಹಾಕಬೇಕೆಂದು ಮೇಲಿನಿಂದ ಆದೇಶವಿತ್ತು. ಮಕ್ಕಳು ಉಣ್ಣುತ್ತಿರುವುದು ಕಾಣಬೇಕು. ಅಕ್ಕೋರು ತೆಗೆಯುತ್ತಿದ್ದರು, ನಾನು ಹಾಕುತ್ತಿದ್ದೆ. ಅದನ್ನು ಯಾರು ನೋಡುತ್ತಾರೆ ಎಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅವರು ಹೇಳಿದ್ದು ಇಷ್ಟೇ: “ಕಳಸ್ರಿ ಅಂದ್ರು, ಕಳಿಸಿದೆ. ಉಣ್ಣಾಕಿಗೆ ಒಂದ ಮಾತ ಕೇಳಬೇಕಂತ ನನಗ್ಯಾಕ ಹೊಳಿಲಿಲ್ಲ?” ಕಿಟಕಿಯ ಕಡೆ ಮುಖ ಮಾಡಿ ಹೇಳಿದರು ಎಂದು ಬರೆಯಲು ಕೈ ಹೋಗುತ್ತಿದೆ. ಆದರೆ ಆ ಬಸ್ಸಿನಲ್ಲಿ ನಮಗೆ ಸೀಟೇ ಸಿಕ್ಕಿರಲಿಲ್ಲ.

ಮರುದಿನ ಹೆಡ್ ಮಾಸ್ತರರು ಕೆಂಡವಾದರು. “ಯಾರ ಮಾಡ್ಯಾರ ಹಿಡೀರಿ ಮೊದಲ. ಟಿ.ಸಿ. ಕೊಟ್ಟು ಕಳಸೂಣು.”

“ಹಿಡದ್ರ ಒಬ್ಬ ಹುಡುಗ ಸಿಗ್ತಾನ್ರಿ ಸರ. ಸ್ಟಿಕರ್ ಸಿಗಂಗಿಲ್ಲ,” ಎಂದರು ಅಕ್ಕೋರು. ಇಷ್ಟು ಹೊತ್ತಿಗೆ ಅದು ಎಷ್ಟು ಫೋನುಗಳಲ್ಲಿ ಕೂತಿದೆಯೋ. ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: ಅದನ್ನು ಮಾಡುವುದು ಹೇಗೆ? ಕತ್ತರಿಸುವುದು ಹೇಗೆ? ಅಕ್ಷರ ಎಲ್ಲಿಂದ ಬರುತ್ತದೆ? ಹೊಸ ಪ್ರಯೋಗ ಕಲಿಯುವವರ ಹಾಗೆ ಎರಡು ಸಲ ಹೇಳಿಸಿಕೊಂಡರು.

ಸಂಜೆ ತಿಕೋಟಾ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಒಂದು ತಟ್ಟೆ ಭಜಿ ತರಿಸಿದರು. ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ತೆಗೆಯಿರಿ ಎಂದು ಕೈಸನ್ನೆ ಮಾಡಿದರು. ತೆಗೆದೆ. ನೋಡಿ, ನುಂಗಿ, “ಕಣ್ಣ ಮುಚ್ಚಿಲ್ಲ. ಆಕಿದು ಮುಚ್ಚೈತಿ. ಇನ್ನೊಮ್ಮಿ ತಗೀರಿ,” ಎಂದು ಮತ್ತೊಂದು ಹಾಕಿಕೊಂಡರು. ಅಂಗಡಿಯವನು ಎಣ್ಣೆ ಬಿಟ್ಟು ನಮ್ಮನ್ನೇ ನೋಡುತ್ತಿದ್ದ. ಭಜಿ ಎಂದು ಬರೆದೆನಲ್ಲ, ಈಗ ಸ್ಟಿಕರನ್ನು ತೆಗೆದು ನೋಡಿದರೆ ಅವರ ಬಾಯಲ್ಲಿರುವುದು ವಡೆ. ಉಬ್ಬಿದ ಗಲ್ಲ, ಮುಚ್ಚಿದ ಕಣ್ಣು, ತಲೆಯ ಮೇಲಿಂದ ಜಾರಿದ ಸೆರಗು. ಕೆಳಗೆ ಅವರೇ ಹೇಳಿ ಬರೆಸಿದ ಅಕ್ಷರ: ‘ನನಗೂ ಇನ್ನ ಸ್ವಲ್ಪ ಹಾಕ್ರಿ’.

ಸಿಬ್ಬಂದಿಯ ಗ್ರೂಪಿಗೆ, ಪಾಲಕರ ಗ್ರೂಪಿಗೆ, ಹಳೆಯ ವಿದ್ಯಾರ್ಥಿಗಳ ಗ್ರೂಪಿಗೆ, ಯಾರ ಹುಟ್ಟುಹಬ್ಬ ಬಂದರೂ, ಯಾರು ಶುಭೋದಯ ಎಂದರೂ, ಅಕ್ಕೋರಿಂದ ಅದೇ ಉತ್ತರ. ಹೆಡ್ ಮಾಸ್ತರರು ತಡೆಯಲಾರದೆ, “ವಯಸ್ಸಿಗೆ ತಕ್ಕಂಗ ಇರೂದು ಚಲೋರಿ ಅಕ್ಕೋರ,” ಎಂದರು. “ಹಸಿವಿಗೆ ಎಲ್ಲಿ ವಯಸ್ಸೈತ್ರಿ?” ಎಂದರು ಇವರು. ಹುಡುಗರ ಗ್ರೂಪುಗಳಿಗೆ ನಮಗೆ ಪ್ರವೇಶವಿರಲಿಲ್ಲ. ಆದರೂ ಅದು ಅಲ್ಲಿಗೆ ಹೋಯಿತೆಂದು ಗೊತ್ತಾಯಿತು. ಊಟದ ಸಾಲಿನಲ್ಲಿ ಅನ್ನ ಬಡಿಸುವವರಿಗೆ ಹುಡುಗರು ಅಕ್ಕೋರ ದನಿಯಲ್ಲೇ, “ನನಗೂ ಇನ್ನ ಸ್ವಲ್ಪ,” ಎನ್ನತೊಡಗಿದ್ದರು.

ಸೋಮವಾರ ಮಹಾದೇವಿ ಶಾಲೆಗೆ ಬಂದಳು.

ಅಕ್ಕೋರ ಸ್ಟಿಕರು ನೋಡಿ ಬಂದಳು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅವಳ ತಾಯಿ ಹೇಳಿದ್ದು ಬೇರೆ. ಅಕಾಲದ ಮಳೆಗೆ ಮಾಲು ತೊಯ್ದು ಆ ವಾರ ಶೆಡ್ಡಿನಲ್ಲಿ ಕೆಲಸವೇ ಇರಲಿಲ್ಲವಂತೆ. ಎರಡೂ ನಿಜವಿರಬಹುದು. ಮಹಾದೇವಿಯನ್ನು ಕೇಳಿದರೆ ಭುಜ ಹಾರಿಸಿದಳು.

ಅವತ್ತು ಊಟದ ಹೊತ್ತಿಗೆ ಫೋಟೋ ತೆಗೆಯಲು ನಿಂತ ಅಕ್ಕೋರು ಮೊದಲ ಬಾರಿಗೆ ಮಕ್ಕಳನ್ನು ಕೇಳಿದರು: “ಮಾರಿ ಬರ್ಲಿ ಅನ್ನವರು ಇತ್ತಾಗ ತಿರಗ್ರಿ. ಒಲ್ಲೆ ಅನ್ನವರು ಅತ್ತಾಗ.” ಒಂದು ಕ್ಷಣ ಗದ್ದಲ. ಆಮೇಲೆ ತಟ್ಟೆ ಎತ್ತಿಕೊಂಡು ಇಡೀ ಸಾಲು ಅತ್ತ ತಿರುಗಿತು. ಕೆಲವರು ತಮಾಷೆಗೆ ತಿರುಗಿರಬಹುದು. ಗ್ರೂಪಿಗೆ ಹೋದದ್ದು ಬೆನ್ನುಗಳ, ಜಡೆಗಳ, ರಿಬ್ಬನ್ನುಗಳ, ನಡುವೆ ಅನ್ನದ ಪಾತ್ರೆಯ ಫೋಟೋ. ಮೇಲಿನಿಂದ ಫೋನು ಬಂತು, ಮುಖ ಕಾಣುತ್ತಿಲ್ಲವೆಂದು. “ಅನ್ನ ಕಾಣತೈತಿಲ್ರಿ? ನೀವು ಅನ್ನದ ಲೆಕ್ಕ ಕೇಳೀರಿ, ಮಾರಿ ಲೆಕ್ಕ ಅಲ್ಲ,” ಎಂದರು ಅಕ್ಕೋರು. ಎರಡು ಸಲ ನೋಟಿಸು ಬಂತು. ಆಮೇಲೆ ಮೇಲಿನವರಿಗೂ ಬೇಸರವಾಗಿರಬೇಕು, ಬೆನ್ನುಗಳೇ ರೂಢಿಯಾದವು.

ಅಕ್ಕೋರ ನಿವೃತ್ತಿಗೆ ಸ್ವಲ್ಪ ಮುಂಚೆ, ಪಾಲಕರ ಸ್ವಂತ ನಂಬರೇ ಇರಬೇಕೆಂದು ಆದೇಶ ಬಂತು. ಒಂದೊಂದೇ ಮಗುವಿನ ಹೆಸರಿನ ಮುಂದಿನಿಂದ ಅವರ ನಂಬರನ್ನು ತೆಗೆದೆ. ಮಹಾದೇವಿಯ ತಾಯಿಗೆ ಫೋನು ಮಾಡಿದಾಗ ಶೆಡ್ಡಿನ ಯಾರಿಂದಲೋ ಓಟಿಪಿ ಓದಿಸಿ, ಒಂದೊಂದು ಅಂಕಿಯನ್ನೂ ಸಂತೆಯಲ್ಲಿ ಕೂಗಿದ ಹಾಗೆ ಹೇಳಿದರು. ಅಂದಿನಿಂದ ಅಕ್ಕೋರ ಚೀಲ ಸುಮ್ಮನಾಯಿತು. “ಕೆಟ್ಟೈತೇನು ನೋಡ್ರಿ,” ಎಂದು ಒಂದು ದಿನ ಫೋನನ್ನು ನನ್ನ ಕೈಗೆ ಕೊಟ್ಟರು. ಕೆಟ್ಟಿರಲಿಲ್ಲ.

ಕೊನೆಯ ಸಲ ಅವರು ಸಿಕ್ಕಿದ್ದು ವಿಜಯಪುರದ ಬಸ್ ನಿಲ್ದಾಣದಲ್ಲಿ. ಶಾಲೆ ಬಿಟ್ಟ ಮೇಲೆ ಕೆಲಸಕ್ಕೆಂದು ಬಂದಿದ್ದ ನಾನು ತಿಕೋಟಾಕ್ಕೆ ಮರಳುವ ಬಸ್ಸಿಗೆ ಕಾಯುತ್ತಿದ್ದೆ. ಆಸ್ಪತ್ರೆಯಿಂದ ಬರುತ್ತಿದ್ದರು. ಏನಾಗಿದೆ ಎಂದು ಹೇಳಲಿಲ್ಲ. ಅದಾಗಿ ಕೆಲವೇ ತಿಂಗಳಿಗೆ ಅವರು ತೀರಿಕೊಂಡ ಸುದ್ದಿ ಸಿಬ್ಬಂದಿಯ ಗ್ರೂಪಿನಲ್ಲಿ ಬಂತು. ನಿಲ್ದಾಣದಲ್ಲಿ ಸಿಕ್ಕ ದಿನ ಮಾತ್ರ ಅವರು ಕೂತ ಕೂಡಲೇ, “ಇವತ್ತಿಂದು ತೋರಿಸ್ರಿ,” ಎಂದರು. ಊಟದ ಫೋಟೋ ತೆಗೆಯುವ ಕೆಲಸ ಆಗ ನನ್ನದಾಗಿತ್ತು.

ಎರಡು ಬೆರಳಿನಿಂದ ಹಿಗ್ಗಿಸಿ ಜಡೆ ನೋಡಿಯೇ ಹೆಸರು ಹೇಳುತ್ತ ಹೋದರು. ಎಲ್ಲವೂ ಸರಿಯೇನೂ ಅಲ್ಲ, ಇಬ್ಬರನ್ನು ತಪ್ಪು ಹೇಳಿದರು. ಸಾಲಿನ ತುದಿಗೆ ಬಂದು ಬೆರಳು ನಿಂತಿತು. ಎಲ್ಲರೂ ಅತ್ತ ತಿರುಗಿದ್ದರು, ಒಬ್ಬಳು ಇತ್ತ ನೋಡುತ್ತಿದ್ದಳು. ಹತ್ತನೆಯ ತರಗತಿಯ ಮಹಾದೇವಿ, ಬಾಯಿ ತುಂಬ ಅನ್ನ.

“ಇಕಿಗೆ ಕೇಳಿದ್ರೇನು?”

ಆದದ್ದನ್ನು ಹೇಳಿದೆ. ಅವಳು ತಿರುಗಿದ್ದು ಫೋಟೋಕ್ಕಲ್ಲ, ಸಾರು ಬೇಕಾಗಿ. ಅಷ್ಟರಲ್ಲಿ ನಾನು ಒತ್ತಿದ್ದೆ. ಕಳಿಸುವ ಮುಂಚೆ ಅವಳಿಗೆ ತೋರಿಸಿದೆ. ನೋಡಿದಳು. “ಹಲ್ಲಾಗ ಸೊಪ್ಪ ಸಿಕ್ಕೈತ್ರಿ ಸರ,” ಎಂದಳು. ಅಳಿಸಿಬಿಡಲೇ ಎಂದೆ. ಇನ್ನೊಮ್ಮೆ ನೋಡಿ, “ಇರ್ಲಿ ಬಿಡ್ರಿ, ಕಳಸ್ರಿ,” ಎಂದು ತಟ್ಟೆ ತೊಳೆಯಲು ಹೋದಳು.

ಅಕ್ಕೋರು ಫೋಟೋವನ್ನು ಇನ್ನೂ ಹಿಗ್ಗಿಸಿದರು, ಪರದೆಯ ತುಂಬ ಬರೀ ಬಾಯಿ ಕಾಣುವವರೆಗೆ. “ಹೌದ ನೋಡ್ರಿ, ಸೊಪ್ಪೈತಿ,” ಎಂದರು. ತಿಕೋಟಾ, ತಿಕೋಟಾ ಎಂದು ಕಂಡಕ್ಟರು ಕೂಗುತ್ತಿದ್ದ. ನನ್ನ ಫೋನು ಇನ್ನೂ ಅವರ ಕೈಯಲ್ಲೇ ಇತ್ತು. ಅದನ್ನು ವಾಪಸು ಕೇಳಲು ಮನಸ್ಸಾಗದೆ ನಾನು ಆ ಬಸ್ಸನ್ನು ಬಿಟ್ಟೆ.