ಬಿಸಾಡಬೇಕಿದ್ದ ಕೇರಂ ಬೋರ್ಡು

ಜಪಾನಿನಲ್ಲಿ ವಸ್ತುವನ್ನು ಕೊಳ್ಳುವುದಕ್ಕಿಂತ ಬಿಸಾಡುವುದು ಕಷ್ಟ. ದೊಡ್ಡ ಸಾಮಾನಾದರೆ ಮೊದಲೇ ಕಸದ ಇಲಾಖೆಗೆ ಫೋನು ಮಾಡಿ, ಚೀಟಿ ಅಂಟಿಸಿ, ಅವರು ಹೇಳಿದ ದಿನ ಬೆಳಿಗ್ಗೆ ಎಂಟರೊಳಗೆ ಕೆಳಗಿಟ್ಟಿರಬೇಕು. ನಮ್ಮಲ್ಲಿ ಗಣಪತಿಯ ವಿಸರ್ಜನೆಗೂ ಇಷ್ಟು ವಿಧಿವಿಧಾನಗಳಿಲ್ಲ.

ಕೊರೋನಾದ ಮೊದಲ ವರ್ಷ ಶಿನಾಗಾವಾದ ಆಫೀಸು ಬಾಗಿಲು ಹಾಕಿ, ನನ್ನ ಪತಿದೇವರು ಟೋಕಿಯೋದ ನಮ್ಮ ಎರಡು ಕೋಣೆಯ ಮನೆಯಲ್ಲೇ ಪ್ರತಿಷ್ಠಾಪನೆಗೊಂಡಾಗ, ಅವರ ಮೇಜಿಗೆ ಜಾಗ ಮಾಡಲೆಂದು ನಾನು ಗೋಡೆಬೀರು ಖಾಲಿ ಮಾಡತೊಡಗಿದೆ. ಒಂಬತ್ತು ಕೊಡೆ, ಮಗಳ ಮೊದಲ ಶೂ (ಎಡಗಾಲಿನದು ಮಾತ್ರ), ಇವುಗಳ ಹಿಂದೆ ಹಳೇ ಬೆಡ್‌ಶೀಟು ಹೊದ್ದು ಮಲಗಿತ್ತು ಕೇರಂ ಬೋರ್ಡು. ಬೆಂಗಳೂರು ಬಿಡುವಾಗ ಇವರ ಗೆಳೆಯರು ಕೊಟ್ಟದ್ದು. ಹಡಗಿನಲ್ಲಿ ಬಂದು ಏಳು ವರ್ಷ ಅಜ್ಞಾತವಾಸ ಮುಗಿಸಿತ್ತು.

ಬಿಸಾಡೋಣ ಎಂದು ನಾನೇ ದಿನ ಗೊತ್ತುಮಾಡಿದೆ. ಆ ಬೆಳಿಗ್ಗೆ ಏಳಕ್ಕೆ ಇವರು ಬೋರ್ಡಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ಒಂದೇ ಆಟ ಕಣೇ. ನಾನು ಗೆದ್ರೆ ಇದು ಮನೇಲಿರ್ಲಿ" ಎಂದರು.

"ನಾನು ಗೆದ್ರೆ ಕಸದ ಲಾರಿಗೆ," ಎಂದೆ.

ಇವರು ಕನಿಕರದಿಂದ ನಕ್ಕರು. ಮೈಸೂರಿನ ಹಾಸ್ಟೆಲಿನಲ್ಲಿ ಮೂರು ವರ್ಷ ನಾನು ಕೇರಂ ಚಾಂಪಿಯನ್ನಾಗಿದ್ದುದು ಇವರಿಗೆ ಗೊತ್ತಿರಲಿಲ್ಲ. ಹೆಣ್ಣು ನೋಡಲು ಬಂದಾಗ ಹಾಡು ಬರುತ್ತದೆಯೇ ಎಂದು ಕೇಳಿದ್ದರೇ ಹೊರತು ಕೇರಂ ಬರುತ್ತದೆಯೇ ಎಂದಲ್ಲ. ಹಾಡು ಬರುತ್ತಿರಲಿಲ್ಲ.

ಪೌಡರಿನ ಬದಲು ರೊಟ್ಟಿಗೆಂದು ಇಟ್ಟಿದ್ದ ಅಕ್ಕಿಹಿಟ್ಟು ಉದುರಿಸಿದೆವು. ನನ್ನ ಮೊದಲ ಹೊಡೆತಕ್ಕೇ ಎರಡು ಬಿಳಿ ಕಾಯಿ ಬಿದ್ದವು. ಇವರ ಹುಬ್ಬು ಮೇಲೇರಿತು. ಆಮೇಲೆ ಬೋರ್ಡಿನ ಅಂಚಿಗೆ ಬಡಿದು ಹಿಂದಿರುಗಿ ಒಂದು, ಹೆಬ್ಬೆರಳಿನಿಂದ ಇನ್ನೊಂದು. ನಿದ್ದೆಗಣ್ಣಿನಲ್ಲಿ ಎದ್ದುಬಂದ ಆರು ವರ್ಷದ ಇಂಚರ "ಸುಗೋಯ್, ಅಮ್ಮ" ಎಂದಳು. ಭಲೇ ಎಂದರ್ಥ. ಈ ದೇಶದಲ್ಲಿ ನನಗೆ ಯಾರಾದರೂ ಭಲೇ ಎಂದದ್ದು ಅದೇ ಮೊದಲು. ಮೈಮೇಲೆ ದೇವರು ಬಂದಂತಾಗಿ ಕೆಂಪು ಕಾಯನ್ನೂ ಹಾಕಿದೆ.

ಉಳಿದದ್ದು ಒಂದೇ ಬಿಳಿ ಕಾಯಿ, ಗುಳಿಯ ಬಾಯಲ್ಲೇ. ಆಗ ಹೊಳೆಯಿತು: ಇದು ಬಿದ್ದರೆ ಬೋರ್ಡು ಲಾರಿಗೆ. ಬೇಕೆಂದೇ ಗುರಿ ತಪ್ಪಿಸೋಣವೆಂದುಕೊಂಡೆ. ಆದರೆ ಏಳು ವರ್ಷ ಬರೀ ಪಾತ್ರೆ ತಿಕ್ಕಿದ ಬೆರಳಿಗೆ ಸೋಲುವ ಮನಸ್ಸಿರಲಿಲ್ಲ. ಕಾಯಿ ಟಪ್ಪೆಂದು ಬಿತ್ತು. ಕೆಳಗೆ ಲಾರಿಯೂ ಬಂತು.

ಇವರು ಬೋರ್ಡು ಹೊತ್ತು ಮೆಟ್ಟಿಲಿಳಿದರು. ಕೈಗವಸಿನ ಮನುಷ್ಯ ಅದನ್ನು ತೆಗೆದುಕೊಳ್ಳಲು ಬಾಗುವಷ್ಟರಲ್ಲಿ ನಾನು ಚಪ್ಪಲಿಯಿಲ್ಲದೆ ಓಡಿಬಂದು ಇನ್ನೊಂದು ತುದಿ ಹಿಡಿದೆ. "ಸುಮಿಮಾಸೆನ್, ಸುಮಿಮಾಸೆನ್," ಎಂದು ಕ್ಷಮೆ ಕೇಳುತ್ತಲೇ ಚೀಟಿ ಕಿತ್ತೆ. ಆತ ನಮ್ಮಿಬ್ಬರ ಮೂಗಿನ ಮೇಲಿನ ಹಿಟ್ಟು ನೋಡಿ, ಮಾಸ್ಕಿಲ್ಲದ್ದಕ್ಕೆ ಎರಡು ಹೆಜ್ಜೆ ಹಿಂದೆ ಸರಿದು, ಪಟ್ಟಿಯಲ್ಲೊಂದು ಗೀಟೆಳೆದು, ತಲೆಬಾಗಿ ಹೊರಟುಹೋದ.

"ಗೆದ್ದೋಳು ನೀನಲ್ವೇನೇ?"

"ಹೌದು ರೀ. ಗೆದ್ದೋರಿಗೆ ನಿಯಮ ಬದಲಾಯಿಸೋ ಹಕ್ಕಿದೆ."

ಅರ್ಧ ಮೆಟ್ಟಿಲಲ್ಲಿ ಬೋರ್ಡನ್ನು ನಡುವೆ ಹಿಡಿದುಕೊಂಡು ನಕ್ಕು ನಕ್ಕು ಇಬ್ಬರಿಗೂ ಉಸಿರು ಕಟ್ಟಿತು. ಮೇಲೆ ಬಂದರೆ ಇಂಚರ ಕಾಯಿಗಳನ್ನೆಲ್ಲ ಒಟ್ಟುಮಾಡಿಕೊಂಡು ಕಾಯುತ್ತಿದ್ದಳು. ಅಪ್ಪ ತನ್ನ ಜಾಗದಲ್ಲಿ ಕೂರಲು ಹೋದಾಗ ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿದಳು.

"ಅಪ್ಪ ಸೋತ. ಸೋ ಅಪ್ಪ ವರ್ಕ್ ಮಾಡ್ಲಿ. ನೆಕ್ಸ್ಟ್ ಅಮ್ಮ ಮತ್ತೆ ನಾನು."