ಮನಸ್ಸಿಗೆ ಬಾರದ ಮನೆ

ಕಾಗವಾಡದ ಚಂದ್ರಮತಿಗೆ ಏನಾದರೂ ಅನ್ನಿಸಿದರೆ ಮನೆಯವರಿಗೆಲ್ಲ ಅದು ನಗೆಯ ವಿಷಯ. ಎಮ್ಮೆ ಮೇವು ತಿನ್ನುವ ರೀತಿ ಯಾಕೋ ಸರಿ ಇಲ್ಲ ಎಂದರೆ ಗಂಡ ಶಾಂತಿನಾಥ, ಡಾಕ್ಟರಬಾಯಿ ಬಂದರು ಎನ್ನುತ್ತಿದ್ದ. ಸಂಜೆಗೆ ಎಮ್ಮೆ ಮಲಗಿಬಿಟ್ಟರೆ, ಅವಳು ಬಾಯಿ ಬಿಟ್ಟದ್ದಕ್ಕೇ ಹೀಗಾಯಿತು ಎನ್ನುತ್ತಿದ್ದ. ಇದನ್ನೇ ಕೇಳಿ ಕೇಳಿ, ತನಗೆ ಅನ್ನಿಸುವುದೆಲ್ಲ ಹುಚ್ಚೇ ಇರಬೇಕು ಎಂದು ಅವಳೂ ನಂಬಿದ್ದಳು. ಅನ್ನಿಸಿದ್ದನ್ನು ನುಂಗಿ ಸುಮ್ಮನಿರುವುದನ್ನು ಕಲಿತಿದ್ದಳು.

ಎಂಬತ್ತೆಂಟನೆಯ ಇಸವಿಯಲ್ಲಿ, ಕಬ್ಬು ಕಾರ್ಖಾನೆಗೆ ಹೋಗಿ ಮುಗಿದ ಮೇಲೆ, ಮಗಳು ಸುಗಂಧಾಳಿಗೆ ಶಿರಗುಪ್ಪಿಯ ಸಂಬಂಧ ಬಂತು. ತಂದವನು ಶಾಂತಿನಾಥನ ಸೋದರಮಾವನ ಮಗ ಪಾರಿಸ. ಲಗ್ನ ಕೂಡಿಸುವುದರಲ್ಲಿ ತನ್ನಂಥ ಜಾಣ ಹುಟ್ಟಿಲ್ಲ ಎಂದು ತಾನೇ ಹೇಳಿಕೊಂಡು ತಿರುಗುವವ. ಹುಡುಗ ಬಿ.ಎ., ಹೊಲಕ್ಕೆ ಕೃಷ್ಣಾ ನೀರು, ಅಂಗಳದಲ್ಲಿ ಹೊಸ ಟ್ರ್ಯಾಕ್ಟರ್. ಇಷ್ಟು ಕೇಳಿದ್ದೇ ತಡ, ಶಾಂತಿನಾಥ ಮನಸ್ಸಿನಲ್ಲೇ ಮಗಳನ್ನು ಕೊಟ್ಟು ಮುಗಿಸಿದ.

ಮನೆ ನೋಡಲು ಗಂಡಸರೊಂದಿಗೆ ಚಂದ್ರಮತಿಯೂ ಹೋದಳು. ಹೊತ್ತು ಮುಳುಗಿದ ಮೇಲೆ ತುತ್ತು ಅನ್ನವಿರಲಿ, ಗುಟುಕು ನೀರನ್ನೂ ಮುಟ್ಟದ, ಜೈನರಲ್ಲೇ ಕಟ್ಟುನಿಟ್ಟಿನ ಮನೆ ಅದು. ಯಜಮಾನಿ ಲಕ್ಷ್ಮಿಬಾಯಿ ಬಂದವರಿಗೆ ಅದನ್ನೇ ಹೇಳಿದ್ದು ಹೇಳಿದ್ದೇ. ಬಿಸಿಲಿರುವಾಗಲೇ ತಾಟು ಇಟ್ಟರು. ಗಂಡಸರು ಹೋಳಿಗೆಯ ಮೇಲೆ ತುಪ್ಪ ಸುರಿಸಿಕೊಂಡು, ಧರ್ಮ ಉಳಿದಿದ್ದರೆ ಇಂಥ ಮನೆಗಳಿಂದಲೇ ಎಂದು ತೇಗಿದರು. ಆಮೇಲೆ ಹೆಂಗಸರು ಉಂಡರು, ಲಕ್ಷ್ಮಿಬಾಯಿಯೂ ಉಂಡಳು. ಎಲ್ಲರಿಗೂ ಬಡಿಸಿದ ಹಿರಿಯ ಸೊಸೆ ಹಿತ್ತಲ ಬಾಗಿಲಿಗೆ ಹೋಗಿ ಆಕಾಶ ನೋಡಿದಳು. ಸೂರ್ಯ ಮುಳುಗಿದ್ದ. ಉಳಿದ ಹೋಳಿಗೆಗೆ ಬಟ್ಟೆ ಮುಚ್ಚಿ ನೆಲುವಿನ ಮೇಲಿಟ್ಟು, ತಾಟು ತೊಳೆಯಲು ಕುಳಿತಳು. ಇನ್ನು ಅವಳಿಗೆ ಬೆಳಗಿನವರೆಗೆ ನೀರೂ ಇಲ್ಲ. ಈಕೆಯ ಊಟ ಆಗಲಿಲ್ಲವೇ ಎಂದು ಚಂದ್ರಮತಿ ಕೇಳಿದಳು.

"ಆಕಿಗೆ ರೂಢಿ ಐತ್ರಿ," ಎಂದು ಲಕ್ಷ್ಮಿಬಾಯಿ ನಕ್ಕಳು.



ಮರಳುವಾಗ ಬಸ್ಸಿನಲ್ಲೇ ಚಂದ್ರಮತಿ ಆ ಸೊಸೆಯ ವಿಷಯ ಗಂಡನಿಗೆ ಹೇಳಿದಳು. ಅವನೂ ಪಾರಿಸನೂ ಮನಸಾರೆ ನಕ್ಕರು. ಯಾವಳೋ ಒಂದು ಹೊತ್ತು ಉಣ್ಣಲಿಲ್ಲವೆಂದು ಟ್ರ್ಯಾಕ್ಟರ್ ಇದ್ದ ಮನೆ ಬಿಡುತ್ತಾರೆಯೇ? ಜಾತಕ ಕೂಡಿದೆ, ಹಿರಿಯರು ಒಪ್ಪಿದ್ದಾರೆ, ಇನ್ನು ಇವಳದೇನು?

ಇದು ಬರೀ ತಾಯಿಯ ಅಂಜಿಕೆ ಇರಬಹುದೇ ಎಂದು ಅವಳೂ ತನ್ನನ್ನು ಕೇಳಿಕೊಂಡಳು. ಹಿಂದಿನ ವರ್ಷ ಅಥಣಿಯ ಸಂಬಂಧ ಬಂದಾಗಲೂ ಅಂಜಿದ್ದಳು. ಆ ಅಂಜಿಕೆ ಒಂದು ಕಡೆ ನಿಲ್ಲಲಿಲ್ಲ. ಇವತ್ತು ದೂರವೆಂದು, ನಾಳೆ ಅತ್ತೆ ಜೋರೆಂದು ಅಲೆದಾಡಿ, ನಾಲ್ಕು ಜನ ಸಮಾಧಾನ ಹೇಳಿದ ಕೂಡಲೇ ಇಳಿದುಹೋಗಿತ್ತು. ಇದು ಹಾಗಲ್ಲ. ಯಾರು ಏನೇ ಹೇಳಲಿ, ಆ ಹಿತ್ತಲ ಬಾಗಿಲಲ್ಲೇ ನಿಂತಿತ್ತು, ಅಲ್ಲಾಡಲಿಲ್ಲ. ರೊಟ್ಟಿ ಬಡಿಯುವಾಗ ಅವಳಿಗೆ ಆ ಬಾಗಿಲಲ್ಲಿ ಸುಗಂಧಾ ಕಾಣತೊಡಗಿದಳು.

ನಿಶ್ಚಯದ ದಿನ ಗೊತ್ತುಮಾಡಲು ಪಾರಿಸ ಬಂದ ಮುಂಜಾನೆ, ಚಂದ್ರಮತಿ ಪಡಸಾಲೆಗೆ ಬಂದು ನಿಂತು, ಸಂಬಂಧ ಬೇಡ ಎಂದಳು. ಕಾರಣ ಕೇಳಿದರೆ ಮನಸ್ಸಿಗೆ ಬರಲಿಲ್ಲ ಎಂದಳು.

"ವಹಿನಿ, ಹಿಂಗಂದ್ರ ನಾ ಅಲ್ಲಿ ಹೋಗಿ ಏನ್ ಹೇಳ್ಲಿ?" ಅತ್ತಿಗೆಯನ್ನು ಹೀಗೆ ಕೇಳಿದ ಪಾರಿಸನ ತುಟಿಯಲ್ಲಿ ನಗು ಇತ್ತು. "ಏನರ ಪುರಾವೆ ಬೇಕಲ್ಲ."

ಅವಳು ಅವನನ್ನು ಬಿಟ್ಟು ಗಂಡನ ಕಡೆ ತಿರುಗಿದಳು. "ಹ್ವಾದ ತಿಂಗಳ ಸಂತ್ಯಾಗ ಒಂದ ಎತ್ತ ನೋಡಿದ್ರಿ. ಹಲ್ಲ ಛಲೋ ಇದ್ವು, ಸುಳಿ ಛಲೋ ಇತ್ತು. ಸುತ್ತ ಒಂದ್ಸಲ ತಿರಗಿ, ಮನಸಿಗೆ ಬರಲಿಲ್ಲ ಅಂತ ಬಿಟ್ಟ ಬಂದ್ರಿ. ನಿಮಗ ಯಾರರ ಪುರಾವೆ ಕೇಳಿದ್ರೇನು? ನಾ ಎತ್ತ ಕೊಡಾಕತ್ತಿಲ್ಲ, ಮಗಳ್ನ ಕೊಡಾಕತ್ತೇನಿ."

ಶಾಂತಿನಾಥ ಪಾರಿಸನಿಗೆ ಬೇಡವೆಂದು ಕೈಯಾಡಿಸಿದ. ಪಾರಿಸ ಚಹಾ ಅರ್ಧ ಬಿಟ್ಟು ಎದ್ದು ಹೋದ.

ಹೆಂಡತಿಯ ಮಾತಿಗೆ ಸಂಬಂಧ ಬಿಟ್ಟ ಎಂದು ಊರಿನವರು ಆಡಿಕೊಳ್ಳುವುದನ್ನು ಯಾವ ಗಂಡಸು ತಡೆದುಕೊಂಡಾನು? ಕಟ್ಟೆಯ ಮೇಲೆ ಕುಳಿತು ಶಾಂತಿನಾಥ, ಆ ಮನೆಯ ಹೊಸ್ತಿಲು ತುಳಿದಾಗಲೇ ತನಗೆ ಗೊತ್ತಾಗಿತ್ತು ಎಂದು ಹೇಳತೊಡಗಿದ. ಕೇಳಿದವರು, ಯಜಮಾನನ ಕಣ್ಣು ಎಂದರೆ ಕಣ್ಣು ಎಂದು ತಲೆದೂಗಿದರು. ಚಂದ್ರಮತಿ ತಿದ್ದಲು ಹೋಗಲಿಲ್ಲ.

ಮುಂದೆ ಯಡೂರಿನ ಸಂಬಂಧ ತಂದವನೂ ಪಾರಿಸನೇ. ನಾಚಿಕೆ ಅವನನ್ನು ಬಹಳ ದಿನ ಕಾಡುವಂಥದ್ದಲ್ಲ. ಹುಡುಗನ ಹೊಲ, ಮನೆ ಎಲ್ಲ ವರ್ಣಿಸಿ ಏನಂತೀರಿ ಎಂದು ಕೇಳಿದ. ಯಜಮಾನ ಗಂಟಲು ಸರಿಮಾಡಿಕೊಂಡು, ಯೋಚಿಸುವವನಂತೆ ಮುಖ ಮಾಡಿ, ಅಡಿಗೆಮನೆಯ ಕಡೆ ಕಣ್ಣು ಹೊರಳಿಸಿದ. ಚಂದ್ರಮತಿ ಬೇಕೆಂದೇ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.